ಮುಗಿಲ ಯಾತ್ರಿಕರಿಗೊಂದು ಲೆಕ್ಕದ ಪುಸ್ತಕ

ಬನ್ನಿ ಹಬ್ಬ ಮುಗಿದು, ಶೀಗಿ ಹುಣ್ಣಿಮೆಯ ಚರಗ ಚೆಲ್ಲುವ ಹೊತ್ತಿಗೆ ನಮ್ಮ ಹಲವಾಗಲು ಸೀಮೆಯ ರೂಪವೇ ಬದಲಾಗಿರುತ್ತದೆ. ಮಳೆಗಾಲದಲ್ಲಿ ದಂಡೆ ಮೀರಿ ಹರಿದ ತುಂಗಭದ್ರೆ ತನ್ನ ಪಾತ್ರಕ್ಕೆ ಮರಳಿ ಶಾಂತಳಾಗಿರುತ್ತಾಳೆ. ನದಿಯ ಮಗ್ಗುಲಿನ ಗದ್ದೆಗಳಲ್ಲಿ ಬತ್ತದ ತೆನೆ ಬಾಗಿರುತ್ತದೆ. ಮೇಲುಭಾಗದ ಬೆದ್ದಲು ಹೊಲಗಳಲ್ಲಿ ಮೆಕ್ಕೆಜೋಳದ ಕಟಾವು ನಡೆದಿರುತ್ತದೆ. ಎರೆ ನೆಲದಲ್ಲಿ ಹಿಂಗಾರಿ ಜೋಳ, ಕಡಲೆಗಳ ಬಿತ್ತನೆ ಸಾಗಿರುತ್ತದೆ. ಈ ದಿನಗಳಲ್ಲಿಯೇ ಒಂದು ಹಕ್ಕಿ ಉತ್ತರ ದಿಕ್ಕಿನಿಂದ ಬಂದು ನಮ್ಮ ಬಯಲುಗಳನ್ನು ಸೇರುತ್ತದೆ. ಹೊಲದ ಬದುವಿನ ಮೇಲೆ, ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಸದ್ದಿಲ್ಲದೆ ತೇಲುತ್ತ ಹೋಗುವ ಆ ಹಕ್ಕಿಯನ್ನು ಕಂಡವರು ಅನೇಕರಿದ್ದಾರೆ. ಹದ್ದೆಂದೋ ಗಿಡುಗವೆಂದೋ ಹೇಳಿ ಕೆಲಸಕ್ಕೆ ತೊಡಗುವುದು ವಾಡಿಕೆ. ಅದು ಎಲ್ಲಿಂದ ಬಂತು, ಎಷ್ಟು ಬಂದವು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳುವವರು ವಿರಳ. ಓದುಗ ಬಂಧುಗಳೆ, ಈ ಸಲದ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿರಿಸಿದ್ದೇವೆ.

ಗಿಡುಗದ ಜಾತಿಗೆ ಸೇರಿದ ಈ ಹಕ್ಕಿಗೆ ಪಕ್ಷಿಗಳ ಬಗೆಗಿನ ಕನ್ನಡ ಪುಸ್ತಕಗಳಲ್ಲಿ ‘ಸೆಳೆವ’ ಎಂಬ ಹೆಸರಿದೆ. ಭಾರತಕ್ಕೆ ಚಳಿಗಾಲದಲ್ಲಿ ಬರುವ ಸೆಳೆವಗಳಲ್ಲಿ ಆರು ಬಗೆಗಳಿವೆ. ದಖ್ಖನ್ನಿನ ಒಣಬಯಲಿನಲ್ಲಿ ಮುಖ್ಯವಾಗಿ ಕಾಣುವವು ಎರಡು: ಒಂದು ತಿಳಿಬೂದಿ ಬಣ್ಣದ ಸೆಳೆವ, ಮತ್ತೊಂದು ಮೊಂಟಾಗು ಸೆಳೆವ. ಮೂರನೆಯದಾದ ಜೌಗು ಸೆಳೆವವು ಕೆರೆಯ ಜೊಂಡಿನ ಮೇಲೂ ಬತ್ತದ ಗದ್ದೆಗಳ ಮೇಲೂ ಸುಳಿದಾಡುತ್ತದೆ. ಮೊದಲಿನ ಎರಡರಲ್ಲಿ ಗಂಡು ಹಕ್ಕಿ ವಿಭೂತಿಯಂತೆ ಬೂದಿ ಬಣ್ಣದ್ದು, ರೆಕ್ಕೆಯ ತುದಿ ಮಾತ್ರ ಕಪ್ಪು. ಮೊಂಟಾಗು ಗಂಡಿಗೆ ರೆಕ್ಕೆಯ ನಡುವೆ ಒಂದು ಕಪ್ಪು ಗೆರೆ ಹೆಚ್ಚಾಗಿ ಇರುತ್ತದೆ. ಹೆಣ್ಣು ಮತ್ತು ಮರಿಗಳು ಕಂದು. ಬಾಲದ ಬುಡದಲ್ಲಿ ಎದ್ದು ಕಾಣುವ ಬಿಳಿಯ ಪಟ್ಟೆಯೇ ಅವುಗಳ ಗುರುತು. ರೆಕ್ಕೆ ಬಿಚ್ಚಿದಾಗ ಒಂದು ಮೀಟರಿಗೂ ಮಿಕ್ಕ ಅಗಲ ಕಂಡರೂ ಮೊಂಟಾಗು ಗಂಡಿನ ತೂಕ ಮುನ್ನೂರು ಗ್ರಾಮಿನ ಆಸುಪಾಸು ಮಾತ್ರ. ಗೂಬೆಗಿರುವಂತೆ ಮುಖದ ಸುತ್ತ ಗರಿಗಳ ಬಟ್ಟಲಿರುವುದರಿಂದ, ಹುಲ್ಲಿನೊಳಗೆ ಇಲಿ ಅಲುಗಿದ ಸದ್ದನ್ನೂ ಅದು ಹಿಡಿಯಬಲ್ಲದು. ಆದ್ದರಿಂದಲೇ ಅದು ನೆಲಕ್ಕೆ ಅಷ್ಟು ಹತ್ತಿರದಲ್ಲಿ, ಅಷ್ಟು ನಿಧಾನವಾಗಿ ಹಾರುತ್ತದೆ.

ಈ ಹಕ್ಕಿಗಳು ಇಲ್ಲಿ ಗೂಡು ಕಟ್ಟುವುದಿಲ್ಲ. ಅವುಗಳ ತವರು ರಷ್ಯ, ಕಜಕಸ್ತಾನಗಳ ವಿಶಾಲ ಹುಲ್ಲುಬಯಲು. ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯವರು ದಕ್ಷಿಣ ಭಾರತದಲ್ಲಿ ಕೆಲವು ಸೆಳೆವಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಪುಟ್ಟ ಯಂತ್ರವನ್ನು ಕಟ್ಟಿ ಬಿಟ್ಟಾಗ, ಅವು ಬೇಸಿಗೆಯಲ್ಲಿ ಕಜಕಸ್ತಾನದವರೆಗೆ ಸಾಗಿದ್ದು ತಿಳಿದುಬಂದಿತು. ಅಲ್ಲಿ ಹಿಮ ಬೀಳುವ ಮುನ್ನ ಇಲಿ, ಮಿಡತೆಗಳು ಮರೆಯಾಗುತ್ತವೆ. ಆಗ ಹಸಿವು ಅವುಗಳನ್ನು ದಕ್ಷಿಣಕ್ಕೆ ಅಟ್ಟುತ್ತದೆ. ಸೆಪ್ಟೆಂಬರ್ ಕೊನೆಯಿಂದ ಬರತೊಡಗಿ, ಯುಗಾದಿಯ ಸುಮಾರಿಗೆ ಅವು ಹಿಂದಿರುಗುತ್ತವೆ. ನಮ್ಮ ಎರೆ ಹೊಲದ ಮಿಡತೆ, ಇಲಿ, ಓತಿಕ್ಯಾತಗಳೇ ಅಷ್ಟು ತಿಂಗಳು ಅವುಗಳ ಆಹಾರ. ರೈತನಿಗೆ ಇದಕ್ಕಿಂತ ಒಳ್ಳೆಯ ಅತಿಥಿ ಬೇರೆ ಯಾರಿದ್ದಾರೆ? ಬೆಳೆಯನ್ನು ಮುಟ್ಟುವುದಿಲ್ಲ, ಬೆಳೆ ತಿನ್ನುವುದನ್ನು ತಿನ್ನುತ್ತದೆ, ಕೂಲಿಯನ್ನೂ ಕೇಳುವುದಿಲ್ಲ.

ಗಿಡುಗಗಳನ್ನು ಗಮನವಿಟ್ಟು ನೋಡುವ ವಿದ್ಯೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಶ್ಯೇನವಿನೋದ, ಎಂದರೆ ಪಳಗಿಸಿದ ಗಿಡುಗಗಳಿಂದ ಆಡುವ ಬೇಟೆ, ಒಂದು ಪ್ರತ್ಯೇಕ ಭಾಗವಾಗಿದೆ. ಆಗ ಗಿಡುಗವನ್ನು ನೋಡಿದ್ದು ಹಿಡಿಯುವುದಕ್ಕಾಗಿ. ಇಂದು ನೋಡಬೇಕಾದದ್ದು ಎಣಿಸುವುದಕ್ಕಾಗಿ. ಎಣಿಸಿ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಉತ್ತರವನ್ನು ದೂರದ ಒಂದು ಬೆಟ್ಟದಿಂದ ಆರಂಭಿಸುವುದು ಲೇಸು.

ಬಂದೂಕಿನ ಬೆಟ್ಟದಲ್ಲಿ ಎಣಿಕೆಯ ಪುಸ್ತಕ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಒಂದು ಬೆಟ್ಟದ ಸಾಲಿದೆ. ಶರತ್ಕಾಲದಲ್ಲಿ ಗಾಳಿಯು ಆ ಸಾಲಿಗೆ ಬಡಿದು ಮೇಲೇಳುತ್ತದೆ. ದಕ್ಷಿಣಕ್ಕೆ ಹೊರಟ ಸಾವಿರಾರು ಗಿಡುಗಗಳು ಆ ಗಾಳಿಯನ್ನೇ ಆಶ್ರಯಿಸಿ, ರೆಕ್ಕೆ ಬಡಿಯುವ ಶ್ರಮವಿಲ್ಲದೆ ಬೆಟ್ಟದ ನೆತ್ತಿಗೆ ತೀರ ಹತ್ತಿರದಲ್ಲಿ ಹಾದುಹೋಗುತ್ತವೆ. ಆ ಕಾಲದ ಜನರು ಇದನ್ನು ಬೇಟೆಗೆ ಒದಗಿದ ಅನುಕೂಲವೆಂದೇ ತಿಳಿದಿದ್ದರು. ಕೋಳಿ ಕದಿಯುವ ದುಷ್ಟ ಹಕ್ಕಿಗಳೆಂಬ ನಂಬಿಕೆ ಬೇರೆ. ಒಂದು ಜಾತಿಯ ಗಿಡುಗವನ್ನು ಕೊಂದವರಿಗೆ ಸರ್ಕಾರವೇ ಐದು ಡಾಲರ್ ಬಹುಮಾನ ಕೊಡುತ್ತಿತ್ತು. ವಾರದ ಬಿಡುವಿನಲ್ಲಿ ಜನ ಬಂದೂಕು ಹಿಡಿದು ಬೆಟ್ಟವೇರಿ, ದಿನವಿಡೀ ಹೊಡೆದು ಕೆಡಹುತ್ತಿದ್ದರು. ಸತ್ತ ಹಕ್ಕಿಗಳನ್ನು ಸಾಲಾಗಿ ಜೋಡಿಸಿ ತೆಗೆದ ಛಾಯಾಚಿತ್ರಗಳು ೧೯೩೦ರ ದಶಕದ ಆರಂಭದಲ್ಲಿ ಹೊರಬಂದವು.

ಆ ಚಿತ್ರಗಳನ್ನು ಕಂಡು ಮರುಗಿದವರು ಅನೇಕರಿರಬಹುದು. ಕಾರ್ಯಕ್ಕಿಳಿದವರು ನ್ಯೂಯಾರ್ಕಿನ ರೊಸಾಲಿ ಎಡ್ಜ್ ಎಂಬ ಮಹಿಳೆ. ಆಗ ಅವರ ವಯಸ್ಸು ಐವತ್ತೈದು ದಾಟಿತ್ತು. ೧೯೩೪ರಲ್ಲಿ ಅವರು ಆ ಬೆಟ್ಟದ ಸುಮಾರು ೧,೪೦೦ ಎಕರೆಯನ್ನು ಗುತ್ತಿಗೆಗೆ ಪಡೆದು, ಮಾರಿಸ್ ಬ್ರೌನ್ ಎಂಬ ಪಕ್ಷಿಪ್ರಿಯರನ್ನೂ ಅವರ ಪತ್ನಿ ಇರ್ಮಾ ಅವರನ್ನೂ ಕಾವಲಿಗೆ ನೇಮಿಸಿದರು. ಬೇಟೆ ನಿಂತಿತು. ಬೇಟೆಗಾರರನ್ನು ತಡೆಯುವ ಕೆಲಸದ ಜೊತೆಗೆ ಬ್ರೌನರು ಮತ್ತೊಂದನ್ನು ಮಾಡಿದರು: ಬಂಡೆಯ ಮೇಲೆ ಕುಳಿತು, ಹಾದುಹೋಗುವ ಪ್ರತಿಯೊಂದು ಗಿಡುಗವನ್ನೂ ಜಾತಿವಾರು ಎಣಿಸಿ ಬರೆದಿಟ್ಟರು. ಎರಡನೆಯ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ ಆ ಎಣಿಕೆ ಇಂದಿಗೂ ನಡೆದಿದೆ. ‘ಹಾಕ್ ಮೌಂಟನ್’, ಎಂದರೆ ಗಿಡುಗಗಳ ಬೆಟ್ಟ, ಎಂದು ಆ ಸ್ಥಳ ಲೋಕಪ್ರಸಿದ್ಧವಾಗಿದೆ.

ಬರೆದಿಟ್ಟ ಲೆಕ್ಕ ಎಂದು ಉಪಯೋಗಕ್ಕೆ ಬರುತ್ತದೆಂಬುದು ಬರೆಯುವಾಗ ತಿಳಿದಿರುವುದಿಲ್ಲ. ಬ್ರೌನರಿಗೂ ತಿಳಿದಿರಲಿಲ್ಲ. ಅಮೆರಿಕದ ರಾಷ್ಟ್ರಚಿಹ್ನೆಯಾದ ಬಿಳಿತಲೆಯ ಹದ್ದನ್ನು ಎಣಿಸುವಾಗ ಅವರು ಬೆಳೆದ ಹಕ್ಕಿ ಎಷ್ಟು, ಮರಿಹಕ್ಕಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿದ್ದರು. ೧೯೩೫ರಿಂದ ೧೯೩೯ರವರೆಗೆ ಕಂಡ ಹದ್ದುಗಳಲ್ಲಿ ನೂರಕ್ಕೆ ನಲವತ್ತು ಎಳೆಯವಾಗಿದ್ದವು. ೧೯೫೫ರಿಂದ ೧೯೫೯ರವರೆಗಿನ ಲೆಕ್ಕದಲ್ಲಿ ಅದು ನೂರಕ್ಕೆ ಇಪ್ಪತ್ತಕ್ಕೆ ಇಳಿದಿತ್ತು. ೧೯೫೭ರಲ್ಲಂತೂ ಮೂವತ್ತೆರಡು ಬೆಳೆದ ಹದ್ದುಗಳಿಗೆ ಒಂದೇ ಒಂದು ಮರಿ. ಆಕಾಶದಲ್ಲಿ ಹದ್ದುಗಳೇನೋ ಕಾಣುತ್ತಿದ್ದವು. ಆದರೆ ಅವುಗಳ ಮನೆಯಲ್ಲಿ ತೊಟ್ಟಿಲು ಬರಿದಾಗಿತ್ತು. ಕಣ್ಣಿಗೆ ಕಾಣದ ಈ ಸಂಗತಿಯನ್ನು ಕಾಣಿಸಿದ್ದು ಲೆಕ್ಕದ ಪುಸ್ತಕ. ರೇಚಲ್ ಕಾರ್ಸನ್ ಎಂಬ ವಿಜ್ಞಾನಿ ೧೯೬೨ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಡಿಡಿಟಿ ಮೊದಲಾದ ಕೀಟನಾಶಕಗಳ ಅಪಾಯವನ್ನು ವಿವರಿಸುವಾಗ ಈ ಅಂಕಿಗಳನ್ನೇ ಮುಂದಿಟ್ಟರು. ಡಿಡಿಟಿಯ ವಿಷವು ಮೀನಿನಿಂದ ಹದ್ದಿನ ದೇಹ ಸೇರಿ, ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತಿತ್ತೆಂಬುದು ಮುಂದೆ ಸಿದ್ಧವಾಯಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ೧೯೭೨ರಲ್ಲಿ ಅಮೆರಿಕವು ಡಿಡಿಟಿಯನ್ನು ನಿಷೇಧಿಸಿತು. ಹದ್ದುಗಳು ಚೇತರಿಸಿಕೊಂಡು, ೨೦೦೭ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದಲೇ ಹೊರಬಂದವು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು ನಿಷೇಧಿಸಿದ್ದು ೧೯೮೯ರಲ್ಲಿ.

ಮಿಡತೆ ತಿಂದ ತಪ್ಪಿಗೆ

ಎರಡನೆಯ ಉದಾಹರಣೆ ನಮ್ಮ ಒಕ್ಕಲು ಮನೆತನಗಳಿಗೆ ಇನ್ನೂ ಹತ್ತಿರವಾದುದು. ಉತ್ತರ ಅಮೆರಿಕದಲ್ಲಿ ಸ್ವೇನ್ಸನ್ ಗಿಡುಗವೆಂಬ ಹಕ್ಕಿಯಿದೆ. ಅದು ಚಳಿಗಾಲ ಕಳೆಯಲು ದಕ್ಷಿಣ ಅಮೆರಿಕದ ಅರ್ಜೆಂಟೀನದ ಹುಲ್ಲುಬಯಲಿಗೆ ಹೋಗುತ್ತದೆ; ಅಲ್ಲಿ ಹೊಲಗಳ ಮಿಡತೆಯೇ ಅದರ ಊಟ. ಮರಳಿ ಬರುವ ಹಕ್ಕಿಗಳ ಸಂಖ್ಯೆ ಕಡಿಮೆಯಾದುದನ್ನು ತವರಿನಲ್ಲಿ ಎಣಿಸುತ್ತಿದ್ದವರು ಗಮನಿಸಿದರು. ೧೯೯೦ರ ದಶಕದ ನಡುವೆ ಉಪಗ್ರಹ ಯಂತ್ರ ಕಟ್ಟಿದ ಹಕ್ಕಿಗಳ ಜಾಡು ಹಿಡಿದು ಅರ್ಜೆಂಟೀನಕ್ಕೆ ಹೋದ ವಿಜ್ಞಾನಿಗಳು ಹೊಲಗಳಲ್ಲಿ, ಮರಗಳ ಅಡಿಯಲ್ಲಿ ಸತ್ತು ಬಿದ್ದ ಗಿಡುಗಗಳ ರಾಶಿಯನ್ನು ಕಂಡರು. ೧೯೯೫–೯೬ರ ಒಂದೇ ಋತುವಿನಲ್ಲಿ ಸುಮಾರು ಇಪ್ಪತ್ತು ಸಾವಿರ ಹಕ್ಕಿಗಳು ಸತ್ತಿರಬೇಕೆಂದು ಅಂದಾಜು ಮಾಡಲಾಯಿತು. ಮಿಡತೆಗೆಂದು ಸಿಂಪಡಿಸಿದ ಮೊನೊಕ್ರೊಟೊಫಾಸ್ ಎಂಬ ವಿಷವೇ ಕಾರಣ. ತಯಾರಕರೂ ಸರ್ಕಾರವೂ ಪಕ್ಷಿತಜ್ಞರೂ ಒಂದೆಡೆ ಕುಳಿತು ಆ ಪ್ರದೇಶದಲ್ಲಿ ಅದರ ಬಳಕೆಯನ್ನು ನಿಲ್ಲಿಸಿದ ಮೇಲೆ ಅಂಥ ಸಾಮೂಹಿಕ ಸಾವು ತಪ್ಪಿತು.

ಮೊನೊಕ್ರೊಟೊಫಾಸ್ ಎಂಬ ಹೆಸರು ನಮ್ಮ ರೈತರಿಗೆ ಅಪರಿಚಿತವಲ್ಲ. ಅನೇಕ ವರ್ಷ ಗೊಬ್ಬರದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ಎಣ್ಣೆ ಅದು. ೨೦೦೫ರಲ್ಲಿ ತರಕಾರಿಗೆ ಅದನ್ನು ಬಳಸುವುದನ್ನು ಭಾರತ ಸರ್ಕಾರ ನಿಷೇಧಿಸಿತು. ಹೆಚ್ಚು ಬಳಕೆಯಲ್ಲಿದ್ದ ಅದರ ದ್ರಾವಣವನ್ನೂ ಹಿಂತೆಗೆಯುವ ಆದೇಶ ೨೦೨೩ರಲ್ಲಿ ಹೊರಟಿತು. ಒಂದು ಎಣ್ಣೆ ಹೋದರೆ ಮತ್ತೊಂದು ಬರುತ್ತದೆ. ೨೦೧೮ರಲ್ಲಿ ಮೆಕ್ಕೆಜೋಳದ ಸೈನಿಕ ಹುಳು ದೇಶದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದೇ ನಮ್ಮ ಕರ್ನಾಟಕದಲ್ಲಿ; ಅಂದಿನಿಂದ ಮೆಕ್ಕೆಜೋಳದ ಸುಳಿಗೂ ಸಿಂಪರಣೆ ತಪ್ಪದಾಯಿತು. ಬೆಳೆ ಉಳಿಸಿಕೊಳ್ಳಬೇಕಾದ ರೈತನನ್ನು ದೂರುವುದು ಸಲ್ಲದು. ಆದರೆ ಶಿಫಾರಸು ಮಾಡಿದ್ದಕ್ಕಿಂತ ಹೆಚ್ಚು ಸುರಿಯುವುದು, ಎರಡು ಮೂರು ಔಷಧಿಗಳನ್ನು ಬೆರೆಸಿ ಹೊಡೆಯುವುದು, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲುವುದು ಇವು ಯಾರ ಬೆಳೆಯನ್ನೂ ಉಳಿಸುವುದಿಲ್ಲ. ವಿಷ ತಿಂದ ಮಿಡತೆ ಕೂಡಲೇ ಸಾಯುವುದಿಲ್ಲ. ತೂಕಡಿಸುತ್ತ ಹುಲ್ಲಿನ ತುದಿಯಲ್ಲಿ ಕುಳಿತಿರುತ್ತದೆ. ಗಿಡುಗಕ್ಕೆ ಮೊದಲು ಕಾಣುವುದೂ ಅದೇ ಮಿಡತೆ.

ನಮ್ಮ ತಲೆಯ ಮೇಲೆ ಹಾದುಹೋಗುವವರು

ಮೂರನೆಯ ಸಂಗತಿ ನಮ್ಮ ದೇಶದ್ದೇ. ಸೈಬೀರಿಯದ ಪೂರ್ವಭಾಗ ಮತ್ತು ಉತ್ತರ ಚೀನದಲ್ಲಿ ಮರಿಮಾಡುವ ಅಮೂರ್ ಚಾಣವು ನೂರೈವತ್ತು ಗ್ರಾಮಿನ ಆಸುಪಾಸು ತೂಗುವ ಸಣ್ಣ ಬೇಟೆಹಕ್ಕಿ. ಅಕ್ಟೋಬರ್–ನವೆಂಬರ್‌ನಲ್ಲಿ ಅವು ಲಕ್ಷಗಟ್ಟಲೆಯಾಗಿ ಈಶಾನ್ಯ ಭಾರತದಲ್ಲಿ ತಂಗಿ, ಈಸಲು ಹುಳುಗಳನ್ನು ತಿಂದು ಮೈದುಂಬಿಕೊಂಡು, ಅಲ್ಲಿಂದ ನಮ್ಮ ಪರ್ಯಾಯ ದ್ವೀಪವನ್ನೂ ಅರಬ್ಬಿ ಸಮುದ್ರವನ್ನೂ ದಾಟಿ ಆಫ್ರಿಕದ ದಕ್ಷಿಣ ಭಾಗಕ್ಕೆ ಹೋಗುತ್ತವೆ. ೨೦೧೨ರ ಅಕ್ಟೋಬರಿನಲ್ಲಿ ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ದೊಯಾಂಗ್ ಜಲಾಶಯದ ಬಳಿ, ಬಲೆ ಕಟ್ಟಿ ಈ ಹಕ್ಕಿಗಳನ್ನು ಹಿಡಿದು ಮಾಂಸಕ್ಕೆ ಮಾರುತ್ತಿದ್ದುದು ಬೆಳಕಿಗೆ ಬಂದಿತು. ಒಂದು ಋತುವಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳ ಬಲಿ ಎಂಬ ಅಂದಾಜು ಕೇಳಿ ಲೋಕ ಬೆಚ್ಚಿತು. ಈ ಅಂದಾಜೂ ಎಣಿಕೆಯಿಂದಲೇ ಹುಟ್ಟಿದ್ದು: ಬಲೆಗಳೆಷ್ಟು, ದಿನಕ್ಕೆ ಒಬ್ಬರು ಹಿಡಿಯುವ ಹಕ್ಕಿಗಳೆಷ್ಟು, ಎಷ್ಟು ದಿನ ಎಂದು ಸ್ಥಳಕ್ಕೆ ಹೋದವರು ಲೆಕ್ಕ ಹಾಕಿದ್ದರು.

ಮುಂದೆ ಆದದ್ದು ಎಲ್ಲ ಗ್ರಾಮಗಳೂ ಕೇಳಿ ತಿಳಿಯಬೇಕಾದ ಮಾತು. ಪಾಂಗ್ತಿ ಮೊದಲಾದ ಹಳ್ಳಿಗಳ ಗ್ರಾಮಸಭೆಗಳೂ ಚರ್ಚಿನ ಹಿರಿಯರೂ ಸರ್ಕಾರವೂ ಸ್ವಯಂಸೇವಕರೂ ಕೂಡಿ, ಇನ್ನು ಕೊಲ್ಲುವುದಿಲ್ಲವೆಂದು ನಿರ್ಣಯ ಮಾಡಿದರು. ಹಿಂದಿನ ವರ್ಷ ಬಲೆ ಕಟ್ಟಿದವರೇ ೨೦೧೩ರಲ್ಲಿ ಕಾವಲು ನಿಂತರು. ಆ ವರ್ಷ ಅಲ್ಲಿ ಬಲೆ ಬೀಳಲಿಲ್ಲ. ಅದೇ ನವೆಂಬರಿನಲ್ಲಿ ಮೂರು ಹಕ್ಕಿಗಳಿಗೆ ಉಪಗ್ರಹ ಯಂತ್ರ ಕಟ್ಟಿ ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟು ಬಿಡಲಾಯಿತು. ಅವುಗಳಲ್ಲಿ ‘ನಾಗಾ’ ಎಲ್ಲಿಯೂ ಇಳಿಯದೆ ಐದು ದಿನ ಹತ್ತು ಗಂಟೆಗಳಲ್ಲಿ ೫,೬೦೦ ಕಿಲೋಮೀಟರು ಕ್ರಮಿಸಿತು. ಕಾರ್ತಿಕದ ಚಳಿಯಲ್ಲಿ ನಾವು ಹೊದ್ದು ಮಲಗಿರುವಾಗ, ಅಂಗೈಯಗಲದ ಇಂಥ ಜೀವಗಳು ದಖ್ಖನ್ನಿನ ಮುಗಿಲಿನಲ್ಲಿ ಸದ್ದಿಲ್ಲದೆ ಸಾಗಿ ಹೋಗುತ್ತವೆ. ಬಡ ಗ್ರಾಮವೊಂದು ತನ್ನ ಆದಾಯವನ್ನು ಬಿಟ್ಟುಕೊಟ್ಟು ಕಾಪಾಡಿದ ಜೀವಗಳವು. ನಮ್ಮ ಮೇಲಿನಿಂದ ಹೋಗುವಾಗ ಅವುಗಳಿಗೆ ನಾವು ಕೊಡಬಲ್ಲ ಗೌರವ ಒಂದೇ: ತಲೆಯೆತ್ತಿ ನೋಡುವುದು.

ಲೆಕ್ಕವಿಲ್ಲದ ನಷ್ಟ

ಇನ್ನು ನಮ್ಮ ನೆರೆಗೆ ಬರೋಣ. ಆಂಧ್ರಪ್ರದೇಶದ ರೋಳ್ಳಪಾಡು ಹುಲ್ಲುಗಾವಲು ಬಳ್ಳಾರಿ ಸೀಮೆಗೆ ದೂರದ್ದಲ್ಲ. ಸಂಜೆಯಾಗುತ್ತಲೇ ಸುತ್ತಲ ಸೆಳೆವಗಳೆಲ್ಲ ಅಲ್ಲಿ ಒಟ್ಟುಗೂಡಿ ರಾತ್ರಿ ಕಳೆಯುತ್ತವೆ. ೧೯೮೦ರ ದಶಕದ ನಡುವೆ ಅಲ್ಲಿ ಸಾವಿರದಷ್ಟು ಸೆಳೆವಗಳನ್ನು ಎಣಿಸಿದ್ದರು. ೨೦೧೫–೧೬ರ ಎಣಿಕೆಯಲ್ಲಿ ಸಿಕ್ಕದ್ದು ನೂರಕ್ಕೂ ಕಡಿಮೆ. ಗುಜರಾತಿನ ವೇಳಾವದರ ಉದ್ಯಾನವು ಜಗತ್ತಿನಲ್ಲಿಯೇ ಅತಿ ದೊಡ್ಡ ಸೆಳೆವದ ತಂಗುದಾಣಗಳಲ್ಲಿ ಒಂದೆಂದು ಹೆಸರಾದದ್ದೂ ಎಣಿಕೆಯಿಂದಲೇ. ತಿಳಿಬೂದಿ ಸೆಳೆವವು ಅಪಾಯದ ಅಂಚಿಗೆ ಬಂದ ಹಕ್ಕಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗಿದೆ.

ಈ ಇಳಿಕೆಗೆ ಕಾರಣವೇನು? ವಿಷದ ಮಾತನ್ನು ಮೇಲೆ ಹೇಳಿದೆವು. ಅದಕ್ಕಿಂತ ದೊಡ್ಡ ಕಾರಣ ನೆಲದ್ದು. ಸೆಳೆವವು ಉಳಿದ ಗಿಡುಗಗಳಂತೆ ಮರದ ಮೇಲೆ ಮಲಗುವುದಿಲ್ಲ. ಮೊಣಕಾಲೆತ್ತರದ ಹುಲ್ಲಿನ ನಡುವೆ, ಬರಿಯ ನೆಲದ ಮೇಲೆ ಮಲಗುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ಕಾಡಲ್ಲ, ಬಯಲು. ನಮ್ಮ ಕಾಗದಪತ್ರಗಳಲ್ಲಿ ಬಯಲಿಗೆ ‘ಪಾಳು ಭೂಮಿ’ ಎಂಬ ಹೆಸರು ಬಿದ್ದಿದೆ. ಕುರಿಗಾಹಿಗೆ ಅದು ಕಾವಲು, ಹಸುವಿಗೆ ಗೋಮಾಳ, ಮಳೆಗೆ ಇಂಗುವ ಎದೆ. ಪಾಳೆಂಬ ಒಂದು ಶಬ್ದ ಬಿದ್ದೊಡನೆ ಅದನ್ನು ಉಳುವುದಕ್ಕೂ, ನೀಲಗಿರಿ ನೆಡುವುದಕ್ಕೂ, ಬೇಲಿ ಹಾಕುವುದಕ್ಕೂ ದಾರಿಯಾಯಿತು. ತುಂಗಭದ್ರೆಯ ಆಚೆಗಿರುವ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿರಿ. ೧೯೭೪ರಲ್ಲಿ ಘೋಷಣೆಯಾದ, ೧೧೯ ಚದರ ಕಿಲೋಮೀಟರಿನ ಆ ನೆಲದ ಬಹುಭಾಗ ನೀಲಗಿರಿ ತೋಪಾಯಿತು. ಬಯಲನ್ನೇ ನಂಬಿದ್ದ, ನಮ್ಮ ಹಿರಿಯರು ಎರೆಭೂತವೆಂದು ಕರೆಯುತ್ತಿದ್ದ ಆ ದೊಡ್ಡ ಹಕ್ಕಿಗೆ ಅಲ್ಲಿ ಇಂದು ನೆಲೆಯಿಲ್ಲ.

ಎರೆಭೂತದ ಮಾತು ಬಂದಾಗ ಮನಸ್ಸು ಭಾರವಾಗುತ್ತದೆ. ಅದನ್ನು ಕಣ್ಣಾರೆ ಕಂಡ ಹಿರಿಯರು ಬಯಲುಸೀಮೆಯಲ್ಲಿ ಇನ್ನೂ ಇದ್ದಾರೆ. ಆದರೆ ಇಂಥ ವರ್ಷ, ಇಂಥ ಹೊಲದಲ್ಲಿ, ಇಷ್ಟು ಹಕ್ಕಿಗಳಿದ್ದವು ಎಂದು ಬರೆದಿಟ್ಟ ಊರುಗಳು ಎಷ್ಟು? ‘ಮೊದಲು ಬಹಳ ಇದ್ದವು’ ಎಂಬ ಮಾತು ಸತ್ಯವಾದರೂ ಅದು ಸಾಕ್ಷಿಯಾಗುವುದಿಲ್ಲ. ಮನೆಯ ಬಂಗಾರ ಕಳುವಾದಾಗ ಎಷ್ಟು ತೊಲವೆಂದು ಹೇಳಲಾಗದವನ ದೂರನ್ನು ಯಾರು ಬರೆದುಕೊಳ್ಳುತ್ತಾರೆ? ಲೆಕ್ಕವಿಲ್ಲದ ನಷ್ಟವು ನಷ್ಟವೆಂದೇ ಎನಿಸಿಕೊಳ್ಳುವುದಿಲ್ಲ. ಇದೇ ಈ ಲೇಖನದ ತಿರುಳು.

ಲೆಕ್ಕವಿದ್ದಲ್ಲಿ ಏನಾಗುತ್ತದೆಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಸುಮಾರು ನೂರು ಹೆಕ್ಟೇರಿನದು. ಅಲ್ಲಿಯ ಜಾಲಿಮರಗಳಲ್ಲಿ ಹಕ್ಕಿಗಳು ನೆಲೆಸುವುದನ್ನು ಆಸಕ್ತರು ವರ್ಷ ವರ್ಷವೂ ಗಮನಿಸಿ ದಾಖಲಿಸಿದರು. ೨೦೧೭ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ೨೦೨೪ರಲ್ಲಿ ಅದು ಜಗತ್ತಿನ ಮಹತ್ತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಊರ ಕೆರೆಯೊಂದು ಲೋಕದ ಪಟ್ಟಿಯಲ್ಲಿ ಸ್ಥಾನ ಪಡೆಯಬೇಕಾದರೆ ಅಂಕಿಗಳು ಬೇಕೇ ಬೇಕು. ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲಿಗೆ ಸೆಳೆವಗಳು ಬರುವುದನ್ನು ಪಕ್ಷಿವೀಕ್ಷಕರು ಅನೇಕ ವರ್ಷಗಳಿಂದ ಬರೆದಿಡುತ್ತ ಬಂದದ್ದೂ, ಆ ಬಯಲನ್ನು ಉಳಿಸಬೇಕೆಂಬ ವಾದಕ್ಕೆ ಬಲ ಕೊಟ್ಟಿತು. ಕೆರೆಗೆ ದೊರೆತ ಗೌರವ ನಮ್ಮ ಒಣ ಬಯಲಿಗೂ ದೊರೆಯಬೇಕಾದರೆ ಅದರ ಲೆಕ್ಕವನ್ನೂ ಯಾರಾದರೂ ಇಡಬೇಕು.

ಎಣಿಸುವ ಬಗೆ

ಇದಕ್ಕೆ ದೊಡ್ಡ ಓದು ಬೇಕಾಗಿಲ್ಲ. ಒಂದು ದೂರದರ್ಶಕವಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲದು. ಮೊದಲು ಸ್ಥಳವನ್ನು ಗೊತ್ತುಮಾಡಬೇಕು. ಸಂಜೆಯ ಹೊತ್ತಿಗೆ ಸೆಳೆವಗಳು ಯಾವ ದಿಕ್ಕಿಗೆ ಹೋಗುತ್ತವೆ ಎಂಬುದನ್ನು ಕುರಿಗಾಹಿಗಳೂ ಹೊಲ ಕಾಯುವವರೂ ಬಲ್ಲರು, ಅವರನ್ನು ಕೇಳಬೇಕು. ಹುಲ್ಲಿನ ಬಯಲಿಗೆ ಇನ್ನೂರು ಮೀಟರು ದೂರದಲ್ಲಿ, ತುಸು ಎತ್ತರದ ಜಾಗದಲ್ಲಿ, ಸೂರ್ಯ ಮುಳುಗುವುದಕ್ಕೆ ಒಂದೂವರೆ ಗಂಟೆ ಮುಂಚೆ ಕುಳಿತುಕೊಳ್ಳಬೇಕು. ಕತ್ತಲಾಗಿ ಹಕ್ಕಿ ಕಾಣದಾಗುವವರೆಗೆ ಅಲ್ಲಿಂದ ಏಳಬಾರದು. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆಯಲಿ.

ಬಯಲಿಗೆ ಇಳಿದ ಹಕ್ಕಿಯನ್ನು ಮಾತ್ರ ಎಣಿಸಬೇಕು. ಮತ್ತೆ ಎದ್ದು ಹೊರಟದ್ದನ್ನು ಕಳೆಯಬೇಕು. ಇಲ್ಲವಾದರೆ ಒಂದೇ ಹಕ್ಕಿ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಬೂದಿ ಬಣ್ಣದ ಗಂಡು ಎಷ್ಟು, ಕಂದು ಬಣ್ಣದವು ಎಷ್ಟು, ಗುರುತು ಸಿಗದವು ಎಷ್ಟು ಎಂದು ಮೂರು ಅಂಕಣ ಮಾಡಿದರೆ ಸಾಕು. ಸಂಶಯವಿದ್ದದ್ದನ್ನು ಗುರುತು ಸಿಗದವುಗಳ ಅಂಕಣಕ್ಕೇ ಹಾಕಬೇಕು. ಊಹೆಯಿಂದ ತುಂಬಿದ ಲೆಕ್ಕ ಲೆಕ್ಕವಲ್ಲ. ದಿನಾಂಕ, ಕುಳಿತ ಹೊತ್ತು, ಗಾಳಿ, ಮೋಡ, ಸುತ್ತಲ ಹೊಲದ ಬೆಳೆ ಇವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಶೀಗಿ ಹುಣ್ಣಿಮೆಯ ಸುಮಾರಿಗೆ ಒಮ್ಮೆ, ಎಳ್ಳಮಾವಾಸ್ಯೆಯ ಸುಮಾರಿಗೆ ಒಮ್ಮೆ, ಮಹಾಶಿವರಾತ್ರಿಯ ಸುಮಾರಿಗೆ ಒಮ್ಮೆ, ಹೀಗೆ ವರ್ಷಕ್ಕೆ ಮೂರು ಸಂಜೆ ಸಾಕು. ಆದರೆ ಪ್ರತಿ ವರ್ಷವೂ ಅದೇ ಸ್ಥಳ, ಅದೇ ಹೊತ್ತು ಆಗಿರಬೇಕು. ಒಂದು ವರ್ಷ ಉತ್ಸಾಹದಿಂದ ಮೂವತ್ತು ಸಂಜೆ ಎಣಿಸಿ ಮರುವರ್ಷ ಬಿಡುವುದಕ್ಕಿಂತ, ಇಪ್ಪತ್ತು ವರ್ಷ ಮೂರು ಮೂರು ಸಂಜೆ ಎಣಿಸಿದವರ ಪುಸ್ತಕಕ್ಕೆ ಹೆಚ್ಚು ಬೆಲೆ.

ಎಚ್ಚರಿಕೆಯ ಮಾತೂ ಉಂಟು. ಹಕ್ಕಿ ಮಲಗುವ ಹುಲ್ಲಿನೊಳಗೆ ಕಾಲಿಡಬಾರದು. ನಾಯಿಯನ್ನು ಕರೆದೊಯ್ಯಬಾರದು, ಬ್ಯಾಟರಿ ಬೆಳಕನ್ನು ಬಿಡಬಾರದು. ಎಣಿಕೆಗೆಂದು ಹೋಗಿ ಅವುಗಳ ನಿದ್ರೆ ಕೆಡಿಸಿದರೆ ಮಾಡಿದ ಪುಣ್ಯ ವ್ಯರ್ಥ. ಮೊಬೈಲ್ ಬಲ್ಲ ಮಕ್ಕಳು ಇದೇ ಲೆಕ್ಕವನ್ನು ‘ಈಬರ್ಡ್’ ಎಂಬ ಜಾಗತಿಕ ದಾಖಲೆಗೂ ಸೇರಿಸಬಹುದು. ಆಗ ಹಲವಾಗಲಿನ ಹೊಲದಲ್ಲಿ ಬರೆದ ಅಂಕಿಯು ಕಜಕಸ್ತಾನದ ವಿಜ್ಞಾನಿಗೂ ದೊರೆಯುತ್ತದೆ. ಆದರೂ ಕೈಬರಹದ ಪುಸ್ತಕವೊಂದು ಮನೆಯಲ್ಲಿರಲಿ.

ಇದು ಮನೆಮಂದಿ ಕೂಡಿ ಮಾಡಬಹುದಾದ ಕೆಲಸ. ನೆಲವನ್ನು ಬಲ್ಲ ಅಜ್ಜನ ನೆನಪು, ಚುರುಕಾದ ಮೊಮ್ಮಗಳ ಕಣ್ಣು, ಮನೆಯ ಖರ್ಚುವೆಚ್ಚವನ್ನು ಪೈಸೆ ತಪ್ಪದೆ ಬರೆದಿಡುವ ತಾಯಿಯ ಶಿಸ್ತು ಈ ಮೂರೂ ಸೇರಿದರೆ ಯಾವ ಸಂಶೋಧನ ಸಂಸ್ಥೆಗೂ ಕಡಿಮೆಯಾಗದು. ಶಾಲೆಯ ಗುರುಗಳು ಮನಸ್ಸು ಮಾಡಿದರೆ ಒಂದು ತರಗತಿಯಿಂದ ಮುಂದಿನ ತರಗತಿಗೆ ಪುಸ್ತಕ ದಾಟುತ್ತ ಹೋಗಬಹುದು.

ಎಣಿಸಿದ ಮೇಲೆ ಮಾಡಬೇಕಾದ ಚಿಕ್ಕ ಕೆಲಸಗಳೂ ತಾವಾಗಿಯೇ ಕಾಣುತ್ತವೆ. ಹೊಲದ ಅಂಚಿನ ಹುಲ್ಲಿನ ಪಟ್ಟಿಯೊಂದನ್ನು ಚಳಿಗಾಲ ಕಳೆಯುವವರೆಗೆ ಸುಡದೆ ಬಿಡುವುದು. ಸಿಂಪರಣೆಯನ್ನು ಕೃಷಿ ಅಧಿಕಾರಿ ಹೇಳಿದ ಪ್ರಮಾಣಕ್ಕೆ ಮೀರದಂತೆ ನೋಡಿಕೊಳ್ಳುವುದು. ಇಲಿಗೆ ವಿಷ ಇಟ್ಟರೆ ಸತ್ತ ಇಲಿಯನ್ನು ಹೂಳುವುದು. ಊರ ಗೋಮಾಳದ ವಿಷಯ ಗ್ರಾಮಸಭೆಗೆ ಬಂದಾಗ, ‘ಅದು ಪಾಳಲ್ಲ, ಅಲ್ಲಿ ಪ್ರತಿ ವರ್ಷ ಇಷ್ಟು ಹಕ್ಕಿ ಮಲಗುತ್ತವೆ, ಲೆಕ್ಕ ಇಲ್ಲಿದೆ’ ಎಂದು ಎದ್ದು ನಿಂತು ಹೇಳುವುದು. ಪುಸ್ತಕವನ್ನು ತೋರಿಸಿ ಆಡಿದ ಮಾತಿಗೆ ಸಭೆಯಲ್ಲಿ ಬೇರೆಯೇ ತೂಕವಿರುತ್ತದೆ.

ಕೊನೆಯದಾಗಿ ಒಂದು ಸೂಚನೆ. ಒಂದು ಸಂಜೆ ಹೋಗಿ ಕುಳಿತು, ಕತ್ತಲಾದರೂ ಒಂದು ಹಕ್ಕಿಯೂ ಬರದೆ ಹೋಗಬಹುದು. ಆಗ ಬೇಸರದಿಂದ ಪುಸ್ತಕ ಮುಚ್ಚಿ ಬರಬೇಡಿರಿ. ದಿನಾಂಕವನ್ನು ಹಾಕಿ, ಅದರ ಮುಂದೆ ಸೊನ್ನೆಯನ್ನು ಸ್ಪಷ್ಟವಾಗಿ ಬರೆಯಿರಿ. ಬರೆಯದೆ ಬಿಟ್ಟ ಸಾಲಿಗೆ ಅರ್ಥವಿಲ್ಲ. ಬರೆದ ಸೊನ್ನೆಗೆ ಅರ್ಥವಿದೆ. ಮುಂದೊಂದು ವರ್ಷ ಅದೇ ಬಯಲಿಗೆ ಹಕ್ಕಿಗಳು ಮರಳಿದರೆ, ಅವು ಮರಳಿದವೆಂದು ಹೇಳುವ ಅಧಿಕಾರ ಆ ಸೊನ್ನೆಯನ್ನು ಬರೆದವರಿಗೆ ಇರುತ್ತದೆ.